ವಕೀಲಿ ವೃತ್ತಿಯೂ ಸತ್ಯಾಣುವ್ರತವೂ: ಕೊಪ್ಪಳ ಸೀಮೆಯ ನ್ಯಾಯಾಲಯಗಳ ಹಿನ್ನೆಲೆಯಲ್ಲಿ

ಕೊಪಣವೆಂದೊಡನೆ ಜೈನಬಂಧುಗಳ ಮನಸ್ಸಿಗೆ ಬರುವುದು ಬಸದಿಗಳ ನೆಲೆ, ಸಲ್ಲೇಖನ ಕೈಗೊಂಡ ಮುನಿಗಳ ಬೆಟ್ಟ, ಬಂಡೆಯ ಮೇಲೆ ಚಾವಯ್ಯನೆಂಬ ಭಕ್ತನು ಮಾಡಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳು. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಈ ಪುರಾತನ ಕೀರ್ತಿಯ ಬಗೆಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಅದೇ ಸೀಮೆಯಲ್ಲಿ ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಬಾಳಿದ ಗೃಹಸ್ಥನು ಹೊಲದ ಗಡಿಗಾಗಿ, ಸಾಲದ ಪತ್ರಕ್ಕಾಗಿ, ದೇವರ ಇನಾಮಿಗಾಗಿ ಕಚೇರಿಯ ಮೆಟ್ಟಿಲು ಹತ್ತಿದಾಗ ಅಲ್ಲಿ ಅವನ ಪರವಾಗಿ ಮಾತನಾಡಿದವನು ಯಾರು, ಆ ಮಾತುಗಾರನಿಗೆ ಧರ್ಮವು ವಿಧಿಸಿದ ಕಟ್ಟುಪಾಡು ಯಾವುದು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಇಂದಿನ ಕೊಪ್ಪಳ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳು ಒಂದೇ ಬಗೆಯ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಕುಷ್ಟಗಿ ಮತ್ತು ಗಂಗಾವತಿ ನೇರವಾಗಿ ಸರಕಾರದ ದಿವಾನಿ ಆಡಳಿತದಲ್ಲಿದ್ದು, ಮೊದಲು ಲಿಂಗಸುಗೂರು ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆ 1905ರಲ್ಲಿ ರದ್ದಾದ ಮೇಲೆ ರಾಯಚೂರಿಗೆ ಸೇರಿದವು. ಗಂಗಾವತಿಯ ಮಗ್ಗುಲಲ್ಲಿ ಆನೆಗೊಂದಿಯ ಸಂಸ್ಥಾನವಿತ್ತು. ದೊಡ್ಡ ಜಹಗೀರುಗಳಿಗೆ ತಮ್ಮದೇ ಆದ ನ್ಯಾಯಾಧಿಕಾರವಿತ್ತು. ತುಂಗಭದ್ರೆಯನ್ನು ದಾಟಿದರೆ ಮದರಾಸು ಆಧಿಪತ್ಯದ ಬಳ್ಳಾರಿ, ಪಡುವಣಕ್ಕೆ ನಡೆದರೆ ಮುಂಬಯಿ ಆಧಿಪತ್ಯದ ಗದಗು, ಮುಂಡರಗಿ. ಎರಡು ದಿನದ ಎತ್ತಿನ ಗಾಡಿಯ ಪಯಣದೊಳಗೆ ಮನುಷ್ಯನು ಮೂರು ಸರಕಾರಗಳ ಕಾಯಿದೆಗಳನ್ನು ಹಾದುಹೋಗುತ್ತಿದ್ದನು. ಒಂದೇ ಕುಟುಂಬದ ಅಣ್ಣನ ಹೊಲ ಒಂದು ಕಾಯಿದೆಗೂ ತಮ್ಮನ ಹೊಲ ಇನ್ನೊಂದಕ್ಕೂ ಒಳಪಡುವುದು ಇಂತಹ ಗಡಿನಾಡಿನಲ್ಲಿ ಸಹಜವೇ ಆಗಿತ್ತು.

ಕಾಯಿದೆಗಿಂತ ದೊಡ್ಡ ತೊಡಕು ಭಾಷೆಯದು. ಹೈದರಾಬಾದು ಸಂಸ್ಥಾನದ ಕಚೇರಿಗಳಲ್ಲಿ ಮೊದಲು ಫಾರಸಿ ಇತ್ತು. 1880ರ ದಶಕದಲ್ಲಿ ಅದರ ಸ್ಥಾನಕ್ಕೆ ಉರ್ದು ಬಂದಿತು. ಯಲಬುರ್ಗಾದ ರೈತನಿಗೆ ಎರಡೂ ಸಮಾನ ದೂರವೇ. ಅವನು ತನ್ನ ಸಂಕಟವನ್ನು ಕನ್ನಡದಲ್ಲಿ ಹೇಳಿದನು. ವಕೀಲನು ಅದನ್ನು ಉರ್ದುವಿನ ಫಿರ್ಯಾದಿಯಾಗಿ ಬರೆಸಿದನು. ರೈತನು ತಾನು ಓದಲಾರದ ಆ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದನು. ಸಾಕ್ಷಿಯು ಕನ್ನಡದಲ್ಲಿ ನುಡಿದದ್ದು ಮಿಸಲಿನಲ್ಲಿ ಉರ್ದುವಾಗಿ ದಾಖಲಾಯಿತು. ಮೇಲ್ಮನವಿಯ ನ್ಯಾಯಾಲಯ ಓದಿದ್ದು ಆ ದಾಖಲೆಯನ್ನೇ ಹೊರತು ಸಾಕ್ಷಿಯ ಮುಖವನ್ನಲ್ಲ. ಹೀಗಾಗಿ ಕೆಳಗಿನ ನ್ಯಾಯಾಲಯದ ವಕೀಲನು ಕೇವಲ ವಾದಿಸುವವನಾಗಿರಲಿಲ್ಲ. ತನ್ನ ಕಕ್ಷಿಗಾರನ ಬಾಯಿಯೂ ಕಣ್ಣೂ ಆಗಿದ್ದನು. ಅವನು ಒಂದು ಪದವನ್ನು ಅತ್ತಿತ್ತ ಮಾಡಿದರೆ ತಿಳಿಯುವವರು ಎದುರು ಪಕ್ಷದ ವಕೀಲನನ್ನು ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ.

ಅಂತಹ ವಕೀಲನಾಗಲು ಬೇಕಾದ ಸಿದ್ಧತೆಯೂ ಉರ್ದುವಿನದೇ. ವಕಾಲತ್ತಿನ ಪರೀಕ್ಷೆಗಳು ದರ್ಜೆಗಳಿಗೆ ಅನುಗುಣವಾಗಿ ನಡೆಯುತ್ತಿದ್ದವು. ಕೆಳದರ್ಜೆಯವನು ಕೆಳಗಿನ ನ್ಯಾಯಾಲಯಗಳಲ್ಲಿ ಮಾತ್ರ ನಿಲ್ಲಬಹುದಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆಯ ಮಾಧ್ಯಮ ಉರ್ದುವೇ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ತರುಣನು ಮೊದಲು ಉರ್ದುವನ್ನು ಪಳಗಿಸಿಕೊಂಡು, ಪರೀಕ್ಷೆ ಮುಗಿಸಿ, ಹಿರಿಯರೊಬ್ಬರ ಕೈಕೆಳಗೆ ಪಳಗಬೇಕಾಗಿತ್ತು. ಹೀಗೆ ಬೆಳೆದವರಲ್ಲಿ ಕೇಶವರಾವ್ ಕೋರಟಕರ್ ಪ್ರಸಿದ್ಧರು. ಗುಲ್ಬರ್ಗದಲ್ಲಿ ವಕೀಲಿ ನಡೆಸಿ, ಹೈದರಾಬಾದಿಗೆ ಹೋಗಿ, ಅಲ್ಲಿಯ ಹೈಕೋರ್ಟಿನ ನ್ಯಾಯಾಧೀಶ ಪದವಿಯವರೆಗೆ ಏರಿದ ಅವರು 1932ರಲ್ಲಿ ತೀರಿಕೊಂಡರು. 1921-22ರಲ್ಲಿ ಸಂಸ್ಥಾನವು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿತು. ಕಂದಾಯ ಅಧಿಕಾರಿಯೇ ನ್ಯಾಯಾಧೀಶನೂ ಆಗಿರುವ ಪದ್ಧತಿ ಬ್ರಿಟಿಷ್ ಆಧಿಪತ್ಯಗಳಲ್ಲಿ ಇನ್ನೂ ಉಳಿದಿದ್ದಾಗಲೇ ಈ ಸುಧಾರಣೆ ಬಂದಿತೆಂಬುದನ್ನು ನಿಜಾಮರ ಆಡಳಿತವನ್ನು ಖಂಡಿಸುವವರೂ ಒಪ್ಪಬೇಕು.

ಆ ಕಾಲದ ಗುರುತು ಕೊಪ್ಪಳ ಸೀಮೆಯ ಮಾತಿನಲ್ಲಿ ಇಂದಿಗೂ ಇದೆ. ವಕಾಲತ್ತು, ಫಿರ್ಯಾದಿ, ಫೈಸಲು, ಮುಚ್ಚಳಿಕೆ, ಪಾಟೀಸವಾಲು, ಪಂಚನಾಮೆ: ಇವನ್ನು ಅಕ್ಷರ ಬಾರದ ಮುದುಕನೂ ಬಲ್ಲನು. ನ್ಯಾಯದ ಸತ್ವವಾದ ಪ್ರಮಾಣ ಮತ್ತು ಸಾಕ್ಷಿ ಎಂಬ ಪದಗಳು ಮಾತ್ರ ಹಳೆಯವು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯನನ್ನು ಅನುಸರಿಸಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳನ್ನು ವಿವರಿಸುತ್ತಾನೆ. ಬರೆದ ಪತ್ರ, ಅನುಭವಿಸುತ್ತ ಬಂದ ಸ್ವಾಧೀನ, ಕಂಡವರ ಮಾತು. ಭೂವ್ಯಾಜ್ಯದ ವಕೀಲನು ಇಂದಿಗೂ ಬೆಳಗಾದರೆ ಹುಡುಕುವುದು ಈ ಮೂರನ್ನೇ. ಕೆಡಿಸಬಹುದಾದವುಗಳೂ ಈ ಮೂರೇ.

ಜೈನ ಗೃಹಸ್ಥಧರ್ಮದ ವಿಚಾರ ಇಲ್ಲಿ ನೇರವಾಗಿ ಪ್ರವೇಶಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸ್ವಾಧ್ಯಾಯದಲ್ಲಿ ಇವನ್ನು ಪಠಿಸುವವರು ಬಹಳ ಮಂದಿ. ಈ ಐದನ್ನು ಒಮ್ಮೆ ವಕೀಲನ ಮೇಜಿನ ಮೇಲೆ ಇಟ್ಟು ನೋಡಿದರೆ, ಆಚಾರ್ಯರು ನ್ಯಾಯಾಲಯದ ಅಂಗಳದಲ್ಲಿ ನಿಂತು ಬರೆದರೇನೋ ಎನಿಸುತ್ತದೆ.

ಮಿಥ್ಯೋಪದೇಶವೆಂದರೆ ತಪ್ಪು ದಾರಿ ತೋರುವ ಉಪದೇಶ. ಗೆಲ್ಲಲಾಗದ ವ್ಯಾಜ್ಯವನ್ನು ಗೆಲ್ಲುವೆನೆಂದು ಹೇಳಿ ಕಕ್ಷಿಗಾರನ ಎತ್ತು ಮಾರಿಸುವ ವಕೀಲನೂ, ಸಾಕ್ಷಿಗೆ ಹಿಂದಿನ ರಾತ್ರಿ ಪಾಠ ಹೇಳಿಕೊಡುವ ವಕೀಲನೂ ಇದಕ್ಕೆ ಗುರಿ. ರಹೋಭ್ಯಾಖ್ಯಾನವು ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು. ದಾಂಪತ್ಯದ ವ್ಯಾಜ್ಯಗಳಲ್ಲಿ, ಪಾಲುವಾಟಣಿಯಲ್ಲಿ, ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಹೆಂಗಸನ್ನು ನಾಚಿಸಿ ಕುಗ್ಗಿಸಲೆಂದೇ ಕೇಳುವ ಪಾಟೀಸವಾಲುಗಳಿವೆ. 1872ರ ಸಾಕ್ಷ್ಯ ಕಾಯಿದೆಯು ಇಂತಹ ಪ್ರಶ್ನೆಗಳನ್ನು ತಡೆಯುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತ್ತು. ಸೂತ್ರಕಾರರು ಕೇಳುವವನ ನಾಲಗೆಗೇ ತಡೆ ಹಾಕಿದ್ದರು. ಕೂಟಲೇಖಕ್ರಿಯೆಗೆ ವಿವರಣೆ ಬೇಕಿಲ್ಲ. ಹಳೆಯ ಛಾಪಾ ಕಾಗದವನ್ನು ಸಂಪಾದಿಸಿ ಹಿಂದಿನ ತಾರೀಖು ಹಾಕಿ ಬರೆಸಿದ ಖರೀದಿಪತ್ರ ಅದೇ. ಬರೆದವನು ದಸ್ತೈವಜು ಬರಹಗಾರನಾದರೂ, ಖೊಟ್ಟಿಯೆಂದು ತಿಳಿದೂ ಅದನ್ನು ಹಾಜರುಪಡಿಸಿದ ವಕೀಲನು ದೋಷಕ್ಕೆ ಹೊರಗಲ್ಲ; ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರನ್ನೂ ಜೈನ ಕರ್ಮವಿಚಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ನ್ಯಾಸಾಪಹಾರದ ಬಗೆಗೆ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮಾಡಿರುವ ವಿವರಣೆ ಬಹಳ ಸೂಕ್ಷ್ಮವಾದುದು. ಒಬ್ಬನು ನಂಬಿಕೆಯಿಂದ ಹಣವನ್ನು ಇರಿಸಿದ್ದಾನೆ. ಎಷ್ಟು ಇರಿಸಿದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ಹಾಗೆಯೇ ಆಗಲಿ ಎಂದು ಅಷ್ಟನ್ನೇ ಕೊಡುತ್ತಾನೆ. ಅವನು ಬಾಯಿಂದ ಸುಳ್ಳಾಡಲಿಲ್ಲ. ಕೇಳಿದ್ದನ್ನು ಕೊಟ್ಟನು, ಅಷ್ಟೆ. ಆದರೂ ಅದು ಸತ್ಯವ್ರತದ ಭಂಗವೇ. ತುಂಗಭದ್ರಾ ಅಣೆಕಟ್ಟಿನಂತಹ ಯೋಜನೆಗಳಿಗೆ ನೆಲ ಕೊಟ್ಟವರ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಪರಿಹಾರದ ಆದೇಶದಲ್ಲಿ ಎಷ್ಟು ಬರೆದಿದೆಯೆಂದು ಓದಲಾರದ ರೈತನಿಗೆ ಅವನು ನಿರೀಕ್ಷಿಸಿದಷ್ಟನ್ನೇ ಎಣಿಸಿ ಕೊಟ್ಟು, ಹೆಚ್ಚಿನದನ್ನು ಇಟ್ಟುಕೊಳ್ಳಬಲ್ಲ ಅವಕಾಶ ಯಾವ ಮಧ್ಯವರ್ತಿಗೂ ಇರುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಕಕ್ಷಿಗಾರನ ಹಣಕ್ಕೆ ಲೆಕ್ಕವಿಡಬೇಕೆಂದೂ, ವ್ಯಾಜ್ಯದ ಫಲದಲ್ಲಿ ಪಾಲು ಕೇಳಬಾರದೆಂದೂ ವಿಧಿಸಿರುವುದು ಈ ಅತಿಚಾರಕ್ಕೆ ಹಾಕಿದ ಬೇಲಿಯೇ. ಕೊನೆಯ ಸಾಕಾರಮಂತ್ರಭೇದವು ಇಂಗಿತದಿಂದ ತಿಳಿದ ಗುಟ್ಟನ್ನು ಹೊರಗೆಡಹುವುದು. ಕಕ್ಷಿಗಾರನ ಮಾತಷ್ಟೇ ಅಲ್ಲ, ಅವನ ಮುಖಭಾವದಿಂದ ಅರಿತದ್ದನ್ನೂ ಹೇಳಬಾರದೆಂಬ ಈ ನಿರ್ಬಂಧ ಕಾಯಿದೆಯ ಗೋಪ್ಯತೆಯ ನಿಯಮಕ್ಕಿಂತ ಒಂದು ಹೆಜ್ಜೆ ಮುಂದಿದೆ.

ವಕೀಲನು ಇಂದು ವಾದಿಯ ಪರ, ನಾಳೆ ಪ್ರತಿವಾದಿಯ ಪರ ಮಾತನಾಡುವುದೇ ಅನೇಕಾಂತವಲ್ಲವೆ ಎಂದು ಕೆಲವರು ಚಮತ್ಕಾರವಾಗಿ ಹೇಳುವುದುಂಟು. ಇದು ಸಲ್ಲದ ಮಾತು. ವಕೀಲನ ವಾದವು ಹೆಚ್ಚೆಂದರೆ ಒಂದು ನಯ, ವಸ್ತುವಿನ ಒಂದು ಮುಖದ ಕಥನ. ಅದು ಇತರ ಮುಖಗಳನ್ನು ಇಲ್ಲವೆನ್ನದೆ ತನ್ನ ಮುಖವನ್ನು ಹೇಳಿದರೆ ಸುನಯ. ಅವನ್ನು ಅಳಿಸಲು ಹೊರಟರೆ ದುರ್ನಯ. ಆರೋಪಿಯ ಪರವಾಗಿ, ಪುರಾವೆ ಸಾಲದು ಎಂದು ವಾದಿಸುವುದು ಮೊದಲನೆಯದು. ನಡೆದದ್ದು ನಡೆಯಲೇ ಇಲ್ಲವೆಂದು ಸಾಕ್ಷಿಗಳನ್ನು ಹುಟ್ಟಿಸುವುದು ಎರಡನೆಯದು. ತಪ್ಪಿತಸ್ಥನ ಪರ ವಕಾಲತ್ತು ವಹಿಸುವುದೇ ಪಾಪವೆಂಬ ಅಭಿಪ್ರಾಯವು ಶ್ರಾವಕರಲ್ಲಿ ಇದೆಯಾದರೂ, ಈ ಭೇದವನ್ನು ಗಮನಿಸಿದರೆ ಅದು ನಿಲ್ಲುವುದಿಲ್ಲ.

ಇದೆಲ್ಲ ಪುಸ್ತಕದ ಮಾತಲ್ಲವೆ, ನ್ಯಾಯಾಲಯದ ಒತ್ತಡದಲ್ಲಿ ಯಾರು ಇದನ್ನು ಪಾಲಿಸಿಯಾರು ಎಂಬ ಸಂಶಯಕ್ಕೆ ಗಡಿಯಾಚೆಯ ಒಂದು ಪ್ರಕರಣ ಉತ್ತರ ಕೊಡುತ್ತದೆ. ಕೊಪ್ಪಳ ಸೀಮೆಯಲ್ಲಿ ವಕೀಲರು ಉರ್ದುವಿನಲ್ಲಿ ಅರ್ಜಿ ಬರೆಸುತ್ತಿದ್ದ ಕಾಲದಲ್ಲಿಯೇ ಬೆಳಗಾವಿಯಲ್ಲಿ ಇಂಗ್ಲಿಷ್ ಕಾಯಿದೆಯಂತೆ ವಕೀಲಿ ನಡೆಸುತ್ತಿದ್ದ ಜೈನರೊಬ್ಬರಿದ್ದರು. ಅವರು ಅಣ್ಣಾಸಾಹೇಬ ಬಾಬಾಜಿ ಲಠ್ಠೆ. 1878ರಲ್ಲಿ ಜನಿಸಿ, ಎಂ.ಎ., ಎಲ್ಎಲ್.ಬಿ. ಪದವಿಗಳನ್ನು ಪಡೆದು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದವರು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಕಟ್ಟಾಳುಗಳಲ್ಲಿ ಒಬ್ಬರು. 1905ರಲ್ಲಿಯೇ ಜೈನಧರ್ಮದ ಪರಿಚಯ ಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಬರೆದವರು. ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರಿಗೂ ಮೊದಲು ಅವರು ಬೇಕಾದವರೇ.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯದ ಬೆರಳು ಲಠ್ಠೆಯವರತ್ತ ತಿರುಗಿತು. ಅವರ ವಿರುದ್ಧ ಸಾಕ್ಷಿ ಬೇಕಾಗಿತ್ತು. ಪೊಲೀಸರು ಆರಿಸಿಕೊಂಡದ್ದು ಜೈನ ವಿದ್ಯಾರ್ಥಿನಿಲಯದಲ್ಲಿ ಬೆಳೆದು, ಲಠ್ಠೆಯವರ ಆಶ್ರಯವನ್ನು ಕಂಡಿದ್ದ ತರುಣ ಭಾವೂರಾವ್ ಪಾಟೀಲರನ್ನು. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಪಾಟೀಲರ ಮನೆತನದ ಮೂಲ ಮೂಡಬಿದಿರೆಯೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಲಠ್ಠೆಯವರನ್ನು ಸಿಲುಕಿಸುವ ಸುಳ್ಳು ಹೇಳಿಕೆಗೆ ಸಹಿ ಹಾಕಬೇಕೆಂಬ ಒತ್ತಾಯ ಬಂದಾಗ ಅವರು ನಿರಾಕರಿಸಿದರು. ಸೆರೆಮನೆ ಸೇರಬೇಕಾಯಿತು. ಅಲ್ಲಿಯ ಹಿಂಸೆ ತಾಳಲಾರದೆ ಪ್ರಾಣವನ್ನೇ ಬಿಡಲು ಮುಂದಾದದ್ದೂ ಉಂಟು. ಆ ಯತ್ನವನ್ನು ಧರ್ಮವು ಮೆಚ್ಚುವುದಿಲ್ಲ. ಅದು ಅವರನ್ನು ಎಂತಹ ಸ್ಥಿತಿಗೆ ತಂದಿದ್ದರೆಂಬುದಕ್ಕೆ ಸಾಕ್ಷಿ. ಒಂದು ಸಹಿ ಹಾಕಿದ್ದರೆ ಮನೆಗೆ ಹೋಗಬಹುದಿತ್ತು. ಅವರು ಹಾಕಲಿಲ್ಲ. ಮುಂದೆ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಕರ್ಮವೀರರೆಂದು ಹೆಸರಾದವರು ಇವರೇ.

ಲಠ್ಠೆಯವರು ಕೊಲ್ಹಾಪುರ ಬಿಟ್ಟು ಬೆಳಗಾವಿಗೆ ಬಂದು ವಕೀಲಿ ಹಿಡಿದರು. ಸುಳ್ಳು ಸಾಕ್ಷಿಯ ಬಲೆಯಿಂದ ಕೂದಲೆಳೆಯಲ್ಲಿ ಪಾರಾದ ವ್ಯಕ್ತಿ ಸಾಕ್ಷಿಗಳನ್ನು ಪ್ರಶ್ನಿಸುವ ವೃತ್ತಿಗೆ ಬಂದದ್ದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದದ್ದು ಮುಂದೆ ನಡೆಯಿತು. ಶಾಹೂ ಮಹಾರಾಜರು 1922ರಲ್ಲಿ ತೀರಿಕೊಂಡರು. ಅವರ ಬೃಹತ್ ಜೀವನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದು 1924ರಲ್ಲಿ ಪ್ರಕಟಿಸಿದವರು ಲಠ್ಠೆಯವರೇ. ತಮ್ಮನ್ನು ಊರು ಬಿಡಿಸಿದ ಆಡಳಿತದ ದೊರೆಯ ಲೋಕಹಿತದ ಕಾರ್ಯಗಳನ್ನು ಅವರು ಗೌರವದಿಂದ ದಾಖಲಿಸಿದರು. ಬಳಿಕ ಅದೇ ಕೊಲ್ಹಾಪುರದ ದಿವಾನರೂ ಆದರು, 1937ರಿಂದ 1939ರವರೆಗೆ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳಾಗಿದ್ದರು, 1950ರಲ್ಲಿ ನಿಧನರಾದರು. ದಿವಾನಗಿರಿ, ಮಂತ್ರಿಪದವಿಗಳ ವಿವರ ಬೇರೆಡೆ ಸಿಗುತ್ತದೆ. ಈ ಲೇಖನದ ಮಟ್ಟಿಗೆ ಆ ಎರಡು ಸಂಪುಟಗಳೇ ಅವರ ವೃತ್ತಿಜೀವನದ ಮುಖ್ಯ ದಾಖಲೆ: ಎದುರು ಪಕ್ಷದ ಸತ್ಯವನ್ನೂ ಬರೆಯಬಲ್ಲ ವಕೀಲ.

ಜೈನರಿಗೆ ಅನ್ವಯವಾಗುವ ಕಾಯಿದೆ ಯಾವುದು ಎಂಬ ಪ್ರಶ್ನೆಯಲ್ಲಿಯೂ ಕೆಳಗಿನ ನ್ಯಾಯಾಲಯದ ವಕೀಲನ ಪಾತ್ರ ದೊಡ್ಡದು. ಬೇರೆ ರೂಢಿ ರುಜುವಾತಾಗದಿದ್ದರೆ ಜೈನರಿಗೆ ಹಿಂದೂ ಧರ್ಮಶಾಸ್ತ್ರವೇ ಅನ್ವಯ ಎಂಬುದು ಬ್ರಿಟಿಷ್ ಕಾಲದ ನ್ಯಾಯಾಲಯಗಳ ನಿಲುವಾಗಿತ್ತು. ರುಜುವಾತು ಎಂದರೆ ಇಂತಹ ಊರಿನ ಇಂತಹ ಮನೆಯಲ್ಲಿ ಇಂತಹ ದತ್ತಕ ಹೀಗೆ ನಡೆಯಿತೆಂದು ಸಾಕ್ಷಿಗಳ ಬಾಯಿಂದ ಹೇಳಿಸಿ ದಾಖಲೆಗೆ ತರುವುದು. ಆ ಕೆಲಸ ಮುನ್ಸೀಫ್ ನ್ಯಾಯಾಲಯದಲ್ಲಿ ನಡೆಯದಿದ್ದರೆ ಮೇಲೆ ಎಂತಹ ಬ್ಯಾರಿಸ್ಟರು ವಾದಿಸಿದರೂ ಪ್ರಯೋಜನವಿಲ್ಲ. ಉತ್ತರದ ಹರದೋಯಿಯಲ್ಲಿ ಕ್ರಿಮಿನಲ್ ವಕೀಲರಾಗಿದ್ದ ಚಂಪತರಾಯ್ ಜೈನ್, 1897ರಲ್ಲಿ ಬ್ಯಾರಿಸ್ಟರಾಗಿ ಬಂದವರು, ಶಾಸ್ತ್ರಗ್ರಂಥಗಳಿಂದ ಆಯ್ದು 1926ರಲ್ಲಿ ಜೈನ ಕಾಯಿದೆಯ ಗ್ರಂಥವನ್ನು ಪ್ರಕಟಿಸಿದ್ದು ಈ ಕೊರತೆಯನ್ನು ತುಂಬಲೆಂದೇ. ಮರುವರ್ಷ, 1927ರಲ್ಲಿ ವರದಿಯಾದ ಗಟ್ಟೆಪ್ಪ ಮತ್ತು ಈರಮ್ಮ ಎಂಬವರ ನಡುವಿನ ವ್ಯಾಜ್ಯದಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಜೈನರು ಹಿಂದೂಗಳಿಂದ ಸಿಡಿದುಹೋದವರಲ್ಲ, ಅವರ ಧರ್ಮ ಸ್ಮೃತಿಗಳಿಗಿಂತ ಹಳೆಯದು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಹಿಂದಿನ ತೀರ್ಪುಗಳ ಕಟ್ಟಿಗೆ ಒಳಗಾಗಿದ್ದುದರಿಂದ ಆ ಅಭಿಪ್ರಾಯವೇ ಕಾಯಿದೆಯಾಗಲಿಲ್ಲ. 1955-56ರ ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯಿದೆಗಳು ಜೈನರನ್ನೂ ಒಳಗೊಂಡವು. ಇಂದಿಗೂ ಜೈನ ಸಭೆಗಳಲ್ಲಿ ಆ ತೀರ್ಪನ್ನು ಸ್ಮರಿಸುವುದುಂಟು. ಉಭಯ ಪಕ್ಷಗಳ ಹೆಸರುಗಳಲ್ಲಿ ಕನ್ನಡದ ಸೊಗಡಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಕೊಪ್ಪಳ ಸೀಮೆಯಲ್ಲಿ ಬದಲಾವಣೆ ಬಂದದ್ದು ಬಿರುಗಾಳಿಯಂತೆ. 1947-48ರಲ್ಲಿ ರಜಾಕಾರರ ಹಾವಳಿಯನ್ನು ಪ್ರತಿಭಟಿಸಿ ಸಂಸ್ಥಾನದ ಅನೇಕ ವಕೀಲರು ನ್ಯಾಯಾಲಯಗಳನ್ನು ಬಹಿಷ್ಕರಿಸಿದರು. ಅವರ ಮುಂದಾಳು ಕೇಶವರಾವ್ ಕೋರಟಕರರ ಮಗ, ಬ್ಯಾರಿಸ್ಟರ್ ವಿನಾಯಕರಾವ್ ವಿದ್ಯಾಲಂಕಾರ. ಗಡಿಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರ ನಡೆಯುತ್ತಿದ್ದ ಕಾಲವದು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, 1949ರ ಆಗಸ್ಟಿನಲ್ಲಿ ಜಹಗೀರುಗಳ ರದ್ದತಿ, 1951ರ ಏಪ್ರಿಲ್ 1ರಿಂದ ಭಾರತೀಯ ದಂಡಸಂಹಿತೆ ಮತ್ತು ಸಾಕ್ಷ್ಯ ಕಾಯಿದೆಗಳ ವಿಸ್ತರಣೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆ. ಎಂಟು ವರ್ಷಗಳಲ್ಲಿ ವಕೀಲನು ಕಾಯಿದೆಯನ್ನೂ ಭಾಷೆಯನ್ನೂ ಹೈಕೋರ್ಟನ್ನೂ ಬದಲಾಯಿಸಿಕೊಳ್ಳಬೇಕಾಯಿತು. ಉರ್ದುವಿನಲ್ಲಿ ಪ್ರವೀಣರಾಗಿದ್ದ ಹಿರಿಯರಿಗೆ ಇದು ಕಷ್ಟದ ಕಾಲ. 1961ರ ವಕೀಲರ ಕಾಯಿದೆಯು ಹಳೆಯ ದರ್ಜೆಗಳನ್ನು ತೆಗೆದು ಎಲ್ಲರನ್ನೂ ಒಂದೇ ವರ್ಗದ ಅಡ್ವೊಕೇಟರನ್ನಾಗಿಸಿತು.

ಇನ್ನೊಂದು ವಿಚಿತ್ರ ಅಧ್ಯಾಯವೂ ಇದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಭೂನ್ಯಾಯಮಂಡಳಿಗಳ ಮುಂದೆ ವಕೀಲರು ಹಾಜರಾಗಬಾರದೆಂದು ವಿಧಿಸಿತ್ತು. ವಕೀಲರು ಬಂದರೆ ಹಣವುಳ್ಳ ಭೂಮಾಲೀಕನೇ ಗೆಲ್ಲುವನೆಂಬ ಭಯ ಅದರ ಹಿಂದಿತ್ತು. ಆ ಭಯದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಬಡ ಗೇಣಿದಾರನೂ ಸಣ್ಣ ಹಿಡುವಳಿಯ ವಿಧವೆಯೂ ದೇವಾಲಯದ ಅರ್ಚಕನೂ ತಮ್ಮ ಕಾಗದಗಳನ್ನು ತಾವೇ ವಿವರಿಸಬೇಕಾಯಿತು. ವೃತ್ತಿಯ ಮೇಲೆ ಸಮಾಜಕ್ಕಿದ್ದ ಅಪನಂಬಿಕೆ ಶಾಸನದ ರೂಪ ತಾಳಿದ ಉದಾಹರಣೆಯಿದು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು.

ಕೊಪ್ಪಳ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಅದು ಕಾಯಂ ಆದುದರಿಂದ ಮೇಲ್ಮನವಿಗಾಗಿ ಬೆಂಗಳೂರಿಗೆ ಹೋಗುವುದು ತಪ್ಪಿತು. 2024ರ ಜುಲೈ 1ರಿಂದ ದಂಡಸಂಹಿತೆಯೂ ಸಾಕ್ಷ್ಯ ಕಾಯಿದೆಯೂ ಹೊಸ ಹೆಸರಿನಲ್ಲಿ ಬಂದಿವೆ. ಆದರೆ ಬಸದಿಗಳ, ಮನೆತನಗಳ ಪೆಟ್ಟಿಗೆಯಲ್ಲಿರುವ ಕಾಗದಗಳು ಹೊಸದಾಗುವುದಿಲ್ಲ. ನಿಜಾಮರ ಕಾಲದ ಇನಾಮಿನ ಮುಂತಖಬು ಉರ್ದುವಿನಲ್ಲಿದೆ. ತಾರೀಖು ಫಸಲಿ ವರ್ಷದ್ದು. ಆ ವರ್ಷವು ಅಕ್ಟೋಬರಿನ ಆಜೂರ್ ಮಾಸದಿಂದ ಮೊದಲಾಗುವುದರಿಂದ, ಡಿಸೆಂಬರಿನವರೆಗೆ 590ನ್ನೂ ಮುಂದಿನ ತಿಂಗಳುಗಳಿಗೆ 591ನ್ನೂ ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ: ಜಹಗೀರು ರದ್ದತಿಯ ಫಸಲಿ 1358ರ ಆಗಸ್ಟ್ ಎಂದರೆ 1949. ಈ ಲೆಕ್ಕ ತಿಳಿಯದೆ ಕಾಗದವನ್ನು ರದ್ದಿಗೆ ಹಾಕಬಾರದು. ಅದನ್ನು ಓದಬಲ್ಲ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಟ್ರಸ್ಟುಗಳು ಅಂತಹವರಿಂದ ಪ್ರತಿಯೊಂದು ಪತ್ರದ ಕನ್ನಡ ಅನುವಾದ ಮಾಡಿಸಿ, ಬೇರೊಬ್ಬ ಬಲ್ಲವರಿಂದ ಅದನ್ನು ಮೂಲದೊಡನೆ ತಾಳೆ ನೋಡಿಸಿ, ಮೂಲ ಮತ್ತು ಅನುವಾದ ಎರಡನ್ನೂ ಒಂದೇ ಕಡತದಲ್ಲಿ ಇರಿಸುವುದು ಅಗತ್ಯ.